ನೈಸರ್ಗಿಕ ವಿಕೋಪ: ಎಲ್ಲಿ, ಎಷ್ಟು ಸಲ, ಎಷ್ಟು ದೊಡ್ಡದು?

ವ್ಯಾಪಾರವೆಂದರೆ ಅಪಾಯವನ್ನು ಅಳೆದು, ತೂಗಿ, ಅನಂತರ ಹೊರುವ ಕೆಲಸ. ಬೆಲೆ ಕುಸಿಯಬಹುದೆಂಬ ಅಪಾಯವನ್ನು ನಮ್ಮ ವರ್ತಕರು ದಿನನಿತ್ಯ ಲೆಕ್ಕ ಹಾಕುತ್ತಾರೆ. ಉದ್ರಿ ಕೊಟ್ಟ ಹಣ ಮರಳಿ ಬರುವುದೋ ಇಲ್ಲವೋ ಎಂಬುದನ್ನು ಗಿರಾಕಿಯ ಹಿಂದಿನ ವ್ಯವಹಾರ ನೋಡಿ ಅಂದಾಜಿಸುತ್ತಾರೆ. ಆದರೆ ನೆರೆ, ಭೂಕಂಪ, ಚಂಡಮಾರುತ, ಭೂಕುಸಿತ, ಬರಗಾಲಗಳ ಮಾತು ಬಂದೊಡನೆ ಇದೇ ಚಾಣಾಕ್ಷ ವರ್ತಕರು 'ಅದು ದೈವೇಚ್ಛೆ' ಎಂದು ಲೆಕ್ಕದ ಪುಸ್ತಕವನ್ನು ಮುಚ್ಚಿಡುತ್ತಾರೆ. ವಿಕೋಪವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ ಎಂಬುದು ನಿಜ. ಆದರೆ ಅದರ ಲೆಕ್ಕ ಇಡುವುದು ನಮ್ಮ ಕೈಯಲ್ಲಿಯೇ ಇದೆ.

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆಂದು ಗೋದಾಮುಗಳಿಗೆ ಹೋದಾಗ ನಾನು ಮಾಲೀಕರನ್ನು ಕೇಳುವ ಪ್ರಶ್ನೆಯೊಂದಿದೆ: 'ಇಲ್ಲಿಗೆ ನೀರು ಬಂದರೆ ಏನು ಮಾಡುತ್ತೀರಿ?' ಸಾಮಾನ್ಯವಾಗಿ ದೊರೆಯುವುದು ಮೂರು ಉತ್ತರಗಳಲ್ಲಿ ಒಂದು. 'ನಮ್ಮ ಕಡೆ ನೀರು ಬರುವುದಿಲ್ಲ ಸರ್' ಎಂಬುದು ಮೊದಲನೆಯದು. 'ಹಿಂದೆ ಒಮ್ಮೆ ಬಂದಿತ್ತು, ಇನ್ನು ನಮ್ಮ ಕಾಲದಲ್ಲಿ ಬರಲಿಕ್ಕಿಲ್ಲ' ಎಂಬುದು ಎರಡನೆಯದು. 'ಬಂದರೂ ಮೊಣಕಾಲ ಮಟ್ಟ, ಅದಕ್ಕಿಂತ ಹೆಚ್ಚಿಲ್ಲ' ಎಂಬುದು ಮೂರನೆಯದು. ಮೊದಲನೆಯ ಉತ್ತರ ಸ್ಥಳಕ್ಕೆ ಸಂಬಂಧಿಸಿದ್ದು, ಎರಡನೆಯದು ಸಂಭವಿಸುವ ಆವರ್ತನಕ್ಕೆ, ಮೂರನೆಯದು ಪ್ರಮಾಣಕ್ಕೆ. ವಿಕೋಪಗಳನ್ನು ಅಭ್ಯಸಿಸುವ ವಿಜ್ಞಾನಿಗಳೂ ಇದೇ ಮೂರು ಅಂಶಗಳನ್ನು ಅಳೆಯುತ್ತಾರೆ. ವ್ಯತ್ಯಾಸವಿಷ್ಟೆ: ಅವರು ಮೂರನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ, ನಾವು ಮೂರನ್ನೂ ಕಲಸಿ ಒಂದು ಸಮಾಧಾನವನ್ನಾಗಿ ಮಾಡಿಕೊಳ್ಳುತ್ತೇವೆ.

ವಿಮಾ ಕಂಪನಿಗೆ ದೇಶದಾದ್ಯಂತ ಸಾವಿರಾರು ಸ್ಥಳಗಳಿವೆ, ಹಲವಾರು ವರ್ಷಗಳಿವೆ. ಒಂದು ಕಡೆಯ ನಷ್ಟ ಇನ್ನೊಂದು ಕಡೆಯ ಕಂತಿನಲ್ಲಿ ತುಂಬಿಕೊಳ್ಳುತ್ತದೆ. ಕಿರು ಉದ್ದಿಮೆದಾರರಿಗೆ ಇರುವುದು ಒಂದು ಷೆಡ್ಡು, ಒಂದು ಗೋದಾಮು, ಒಂದು ಜೀವಮಾನ. ಆದ್ದರಿಂದ ದೇಶದ ಅಥವಾ ರಾಜ್ಯದ ಸರಾಸರಿಯಿಂದ ಅವರಿಗೆ ಪ್ರಯೋಜನವಿಲ್ಲ. ತಮ್ಮ ಬಾಗಿಲಿನ ಅಪಾಯವನ್ನು ಅವರೇ ಓದಬೇಕು. ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಪ್ರಶ್ನೆ: ಎಲ್ಲಿ?

2005ರ ಜುಲೈ 26ರಂದು ಮುಂಬಯಿಯಲ್ಲಿ ಸುರಿದ ಮಳೆಯನ್ನು ಅನೇಕ ವಾಚಕರು ಮರೆತಿರಲಾರರು. ಅಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಅದೇ ಅವಧಿಯಲ್ಲಿ ಅದೇ ನಗರದ ದಕ್ಷಿಣ ತುದಿಯಲ್ಲಿರುವ ಕೊಲಾಬಾ ಕೇಂದ್ರದಲ್ಲಿ ದಾಖಲಾದದ್ದು ಕೇವಲ 73 ಮಿ.ಮೀ. ಒಂದೇ ನಗರ, ಒಂದೇ ದಿನ. ವ್ಯತ್ಯಾಸ ಸುಮಾರು 13 ಪಟ್ಟು. ಮೀಠಿ ನದಿಯ ಪಾತ್ರದ ಕುರ್ಲಾ, ಕಲೀನಾ ಭಾಗದ ಗೋದಾಮುಗಳು ಮುಳುಗಿದಾಗ ದಕ್ಷಿಣ ಮುಂಬಯಿಯ ಅಂಗಡಿಕಾರರಿಗೆ ಅದು ಮಳೆಗಾಲದ ಇನ್ನೊಂದು ದಿನವಾಗಿತ್ತು. 'ಮುಂಬಯಿಯಲ್ಲಿ ಮಳೆ' ಎಂಬ ಒಂದು ವಾಕ್ಯದಲ್ಲಿ ಎರಡು ಬೇರೆ ಬೇರೆ ಸತ್ಯಗಳು ಅಡಗಿದ್ದವು.

ನಮ್ಮ ರಾಜ್ಯದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆಯಾಗುತ್ತದೆ. ಅಲ್ಲಿಂದ ನೇರ ದೂರದಲ್ಲಿ ಇನ್ನೂರು ಕಿಲೋಮೀಟರೂ ಆಗದ ಚಳ್ಳಕೆರೆಯಲ್ಲಿ ವರ್ಷದ ಮಳೆ 500 ಮಿ.ಮೀ.ಗಿಂತ ಕಡಿಮೆ. ಒಂದೇ ದಿನ 100 ಮಿ.ಮೀ. ಮಳೆ ಸುರಿದರೆ ಆಗುಂಬೆಯವರಿಗೆ ಅದು ಸುದ್ದಿಯೇ ಅಲ್ಲ; ಅಲ್ಲಿನ ಮನೆ, ಚರಂಡಿ, ಅಂಗಡಿಯ ಕಟ್ಟೆ ಎಲ್ಲವೂ ಅದಕ್ಕೆ ಒಗ್ಗಿಕೊಂಡಿವೆ. ಅಷ್ಟೇ ಮಳೆ ಚಳ್ಳಕೆರೆಯಲ್ಲಿ ಬಿದ್ದರೆ ವರ್ಷದ ಐದನೆಯ ಒಂದು ಭಾಗಕ್ಕೂ ಮಿಕ್ಕ ಮಳೆ ಒಂದೇ ದಿನ ಬಿದ್ದಂತೆ. ಎಣ್ಣೆ ಗಿರಣಿಯ ಅಂಗಳದಲ್ಲಿ ಪೇರಿಸಿಟ್ಟ ಶೇಂಗಾ ಚೀಲಗಳಿಗೆ ಅಂಥ ಮಳೆಯ ಅಭ್ಯಾಸವಿಲ್ಲ. ಹೀಗೆ ಅಪಾಯವನ್ನು ಆ ಸ್ಥಳದ ವಾಡಿಕೆಯೊಂದಿಗೆ ಹೋಲಿಸಿಯೇ ಅಳೆಯಬೇಕಾಗುತ್ತದೆ.

ಸ್ಥಳದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಳೆ ಬೀಳುವ ಸ್ಥಳವೂ ನೆರೆ ಬರುವ ಸ್ಥಳವೂ ಒಂದೇ ಆಗಿರಬೇಕಿಲ್ಲ. ಮಹಾಬಳೇಶ್ವರದ ಸುತ್ತಲಿನ ಘಟ್ಟದಲ್ಲಿ ಮಳೆ ಸುರಿದು ಕೊಯ್ನಾ ಮುಂತಾದ ಜಲಾಶಯಗಳಿಂದ ನೀರು ಬಿಟ್ಟಾಗ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿ, ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕುಗಳ ನದಿತೀರದ ಊರುಗಳಿಗೆ ನೀರು ನುಗ್ಗುತ್ತದೆ. 2005, 2019 ಮತ್ತು 2021ರ ಕೃಷ್ಣಾ ನದಿಯ ನೆರೆಗಳಲ್ಲಿ ಇದನ್ನು ಕಂಡಿದ್ದೇವೆ. ತಮ್ಮ ಊರಿನ ಆಕಾಶ ನೋಡಿ ನಿರ್ಧರಿಸುವ ವರ್ತಕರಿಗೆ ಇಲ್ಲಿ ಮೋಸವಾಗುತ್ತದೆ. ಅವರು ನೋಡಬೇಕಾದದ್ದು ಮೇಲ್ಭಾಗದ ಜಲಾಶಯಗಳ ಹೊರಹರಿವಿನ ಅಂಕಿಗಳನ್ನು.

ಇನ್ನು, ಅಪಾಯ ನಮ್ಮ ಕಟ್ಟಡಕ್ಕೆ ಬರದೆ ಸರಕು ಬರುವ ದಾರಿಗೂ ಬರಬಹುದು. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಜೀವಹಾನಿಯೊಂದಿಗೆ ರಾಷ್ಟ್ರೀಯ ಹೆದ್ದಾರಿ 66ರ ಸಂಚಾರವೂ ನಿಂತಿತು. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದಾಗಲೆಲ್ಲ ಮಂಗಳೂರು ಬಂದರಿಗೆ ಹೋಗುವ, ಅಲ್ಲಿಂದ ಬರುವ ಲಾರಿಗಳು ಸುತ್ತು ದಾರಿ ಹಿಡಿಯಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ನಮ್ಮ ಗೋದಾಮು ಒಣಗಿಯೇ ಇರುತ್ತದೆ, ಆದರೆ ಕಚ್ಚಾ ಮಾಲಿಲ್ಲದೆ ಯಂತ್ರ ನಿಲ್ಲುತ್ತದೆ. ಆದುದರಿಂದ 'ಎಲ್ಲಿ?' ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಕಾರ್ಖಾನೆಯ ವಿಳಾಸದೊಂದಿಗೆ ಮುಖ್ಯ ಸರಬರಾಜುದಾರರ ವಿಳಾಸವನ್ನೂ ನಡುವಿನ ರಸ್ತೆಯನ್ನೂ ಬರೆದುಕೊಳ್ಳುವುದು ಯುಕ್ತ.

ಎರಡನೆಯ ಪ್ರಶ್ನೆ: ಎಷ್ಟು ಸಲ?

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಈ ವರ್ಷ ಬಂದುಹೋದರೆ ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಎಂದು ಅನೇಕರು ಭಾವಿಸುತ್ತಾರೆ. ಅದರ ನಿಜವಾದ ಅರ್ಥ ಬೇರೆ. ಯಾವುದೇ ಒಂದು ವರ್ಷದಲ್ಲಿ ಅಂಥ ಅಥವಾ ಅದಕ್ಕಿಂತ ದೊಡ್ಡ ನೆರೆ ಬರುವ ಸಂಭವ ಶೇ. 1 ಎಂದಷ್ಟೇ ಅದರ ಅರ್ಥ. ಈ ವರ್ಷ ಬಂದರೂ ಮುಂದಿನ ವರ್ಷದ ಸಂಭವ ಶೇ. 1 ಆಗಿಯೇ ಉಳಿಯುತ್ತದೆ.

ಒಂದು ವರ್ಷಕ್ಕೆ ಶೇ. 1 ಎಂಬುದು ನಗಣ್ಯವೆನಿಸಬಹುದು. ಆದರೆ ಕಟ್ಟಡವನ್ನು ನಾವು ಒಂದು ವರ್ಷಕ್ಕೆಂದು ಕಟ್ಟುವುದಿಲ್ಲ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಕೆಳಗಿನ ಲೆಕ್ಕ ಕಷ್ಟವಲ್ಲ:

- 25 ವರ್ಷಕ್ಕೊಮ್ಮೆಯ ನೆರೆ, 10 ವರ್ಷದ ಬಾಡಿಗೆ ಕರಾರಿನ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಂಭವ: ಸುಮಾರು ಶೇ. 34.
- 50 ವರ್ಷಕ್ಕೊಮ್ಮೆಯ ನೆರೆ, 25 ವರ್ಷ ನಡೆಯುವ ಉದ್ದಿಮೆಯ ಅವಧಿಯಲ್ಲಿ: ಸುಮಾರು ಶೇ. 40.
- 100 ವರ್ಷಕ್ಕೊಮ್ಮೆಯ ನೆರೆ, 30 ವರ್ಷದ ಭೋಗ್ಯದ ನಿವೇಶನದಲ್ಲಿ: ಸುಮಾರು ಶೇ. 26.

ಮೂರನೆಯ ಸಾಲನ್ನು ಮತ್ತೊಮ್ಮೆ ಓದಬೇಕೆಂದು ಕೋರುತ್ತೇನೆ. ನಾಲ್ವರು ಗಿರಾಕಿಗಳಲ್ಲಿ ಒಬ್ಬರು ಹಣ ಕೊಡುವುದಿಲ್ಲವೆಂದು ಮೊದಲೇ ತಿಳಿದಿದ್ದರೆ ಯಾವ ವರ್ತಕರೂ ಜಾಮೀನಿಲ್ಲದೆ ಉದ್ರಿ ಕೊಡುವುದಿಲ್ಲ.

ಆವರ್ತನದ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ನಮ್ಮದೇ ನೆನಪು. ಜವಳಿ ಮತ್ತು ವಜ್ರದ ವ್ಯಾಪಾರಕ್ಕೆ ಹೆಸರಾದ ಸೂರತ್ ನಗರದ ಉದಾಹರಣೆ ಇಲ್ಲಿ ಉಪಯುಕ್ತ. ತಾಪಿ ನದಿಯ ದಡದಲ್ಲಿರುವ ಈ ನಗರ 1968ರಲ್ಲಿ ಭಾರೀ ನೆರೆಯನ್ನು ಕಂಡಿತ್ತು. ಅನಂತರ ಮೇಲ್ಭಾಗದಲ್ಲಿ ಉಕಾಯಿ ಅಣೆಕಟ್ಟು ಪೂರ್ಣಗೊಂಡಿತು. ಅಣೆಕಟ್ಟು ಸಣ್ಣ ಮತ್ತು ಮಧ್ಯಮ ನೆರೆಗಳನ್ನು ತಡೆಯಿತು. ನೀರು ಬಾರದ ವರ್ಷಗಳು ಹೆಚ್ಚಾದಂತೆ ನಗರವೂ ಮಾರುಕಟ್ಟೆಗಳೂ ನದಿಯ ಕಡೆಗೆ ಬೆಳೆದವು. 1998ರಲ್ಲಿ ಮತ್ತೆ ನೆರೆ ಬಂತು. 2006ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಬಿಡಬೇಕಾಗಿ ಬಂದಾಗ ನಗರದ ಬಹುಭಾಗ ಜಲಾವೃತವಾಯಿತು. ನೆಲಮಹಡಿಯಲ್ಲಿ ದಾಸ್ತಾನಿದ್ದ ಬಟ್ಟೆ ವರ್ತಕರು ಅಪಾರ ನಷ್ಟ ಅನುಭವಿಸಿದರು. ಅಣೆಕಟ್ಟು ನೆರೆಯ ಆವರ್ತನವನ್ನು ತಗ್ಗಿಸಿತು, ಆದರೆ ಅತಿ ದೊಡ್ಡ ನೆರೆಯ ಸಾಧ್ಯತೆಯನ್ನು ಅಳಿಸಿಹಾಕಲಿಲ್ಲ. ತಗ್ಗಿದ ಆವರ್ತನವೇ ಜನರ ನೆನಪನ್ನು ಮಸುಕುಗೊಳಿಸಿ ನಷ್ಟವಾಗಬಲ್ಲ ಆಸ್ತಿಯನ್ನು ಹೆಚ್ಚಿಸಿತು. ನಮ್ಮ ರಾಜ್ಯದಲ್ಲಿಯೂ ಅಣೆಕಟ್ಟಿನ ಕೆಳಗಿನ ಪಟ್ಟಣಗಳ ವರ್ತಕರು ಇದನ್ನು ಮನಗಾಣುವುದು ಒಳ್ಳೆಯದು.

ಆವರ್ತನ ಶಾಶ್ವತವೂ ಅಲ್ಲ. ಕೆರೆಗಳನ್ನು ಮುಚ್ಚಿ, ರಾಜಕಾಲುವೆಗಳನ್ನು ಕಿರಿದಾಗಿಸಿದ ನಗರದಲ್ಲಿ ಹಿಂದೆ ಅಪರೂಪವಾಗಿದ್ದ ನೆರೆ ಪದೇ ಪದೇ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮತ್ತು ಬೆಳ್ಳಂದೂರು ಭಾಗ ಮುಳುಗಿದ್ದು ಇದಕ್ಕೆ ನಿದರ್ಶನ. ಸಮುದ್ರದ ಮಾತೂ ಹಾಗೆಯೇ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತಗಳೆದ್ದರೆ ಅರಬ್ಬಿ ಸಮುದ್ರದಲ್ಲಿ ಒಂದು ಏಳುತ್ತದೆ ಎಂಬುದು ದೀರ್ಘಕಾಲದ ಅನುಭವ. ಆದರೆ 2019ರಲ್ಲಿ ಒಂದೇ ವರ್ಷ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಬಾಧಿಸುತ್ತಲೇ ಗುಜರಾತಿನತ್ತ ಸಾಗಿತು. ಹಿಂದಿನ ದಾಖಲೆಯನ್ನು ಮುಂದಿನ ಭರವಸೆಯೆಂದು ತಿಳಿಯುವುದು ಸರಿಯಲ್ಲ.

ವರ್ಷದೊಳಗಿನ ಕಾಲವೂ ಲೆಕ್ಕಕ್ಕೆ ಬರಬೇಕು. ಕೃಷ್ಣಾ ನದಿಯ ನೆರೆ ಸಾಮಾನ್ಯವಾಗಿ ಜುಲೈ-ಆಗಸ್ಟ್ ತಿಂಗಳಲ್ಲಿ ಬರುತ್ತದೆ. ಆದರೆ 2009ರಲ್ಲಿ ಉತ್ತರ ಕರ್ನಾಟಕದ ಮಹಾಮಳೆ ಸುರಿದದ್ದು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ. ಆ ವರ್ಷದ ದೀಪಾವಳಿ ಅಕ್ಟೋಬರ್ 17ಕ್ಕೆ. ಹಬ್ಬದ ವ್ಯಾಪಾರಕ್ಕೆಂದು ದಾಸ್ತಾನು ಅತಿ ಹೆಚ್ಚಿರುವ ಹಂಗಾಮು ಅದು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡ ಆ ವಿಕೋಪದ ವರ್ಷವೇ ದೇಶದ ಮುಂಗಾರು ಮಳೆ ವಾಡಿಕೆಯ ಶೇ. 78ರಷ್ಟು ಮಾತ್ರವಿತ್ತು ಎಂಬುದನ್ನೂ ಗಮನಿಸಬೇಕು. ಮಳೆ ಕೊರತೆಯ ವರ್ಷದಲ್ಲಿ ನೆರೆ ಬರಲಾರದೆಂಬ ನಂಬಿಕೆಗೆ ಆಧಾರವಿಲ್ಲ.

ಮೂರನೆಯ ಪ್ರಶ್ನೆ: ಎಷ್ಟು ದೊಡ್ಡದು?

ಭೂಕಂಪದ ಪ್ರಮಾಣವನ್ನು ಅಂಕಿಯಲ್ಲಿ ಹೇಳುವಾಗ 6ಕ್ಕೂ 7ಕ್ಕೂ ವ್ಯತ್ಯಾಸ ಒಂದು ಮಾತ್ರವೆಂದು ತೋರುತ್ತದೆ. ವಾಸ್ತವದಲ್ಲಿ ಅಂಕಿ ಒಂದು ಹೆಚ್ಚಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಎರಡು ಹೆಚ್ಚಿದರೆ ಸಾವಿರ ಪಟ್ಟು. ಅದೇ ವೇಳೆ, ದೊಡ್ಡ ಭೂಕಂಪಗಳು ಸಣ್ಣವುಗಳಿಗಿಂತ ಅಪರೂಪ. ಜಗತ್ತಿನಾದ್ಯಂತ ವರ್ಷಕ್ಕೆ ಸರಾಸರಿ 5ರಿಂದ 5.9ರವರೆಗಿನ ಭೂಕಂಪಗಳು 1,300ರಷ್ಟು, 6ರಿಂದ 6.9ರವರೆಗಿನವು 130ರಷ್ಟು, 7ರಿಂದ 7.9ರವರೆಗಿನವು 15ರಷ್ಟು, 8 ಮತ್ತು ಮೇಲ್ಪಟ್ಟದ್ದು ಒಂದು. ಅಂದರೆ ಪ್ರಮಾಣದ ಅಂಕಿ ಒಂದು ಏರಿದಂತೆ ಸಂಖ್ಯೆ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೆರೆ, ಬಿರುಮಳೆಗಳಲ್ಲಿಯೂ ಸ್ಥೂಲವಾಗಿ ಇದೇ ನಿಯಮ: ಸಣ್ಣದು ಪದೇ ಪದೇ, ದೊಡ್ಡದು ಅಪರೂಪಕ್ಕೆ. ನಮ್ಮ ಅನುಭವವೆಲ್ಲ ಸಣ್ಣದರಿಂದ ರೂಪುಗೊಂಡಿರುತ್ತದೆ. ನಮ್ಮನ್ನು ಮುಳುಗಿಸುವುದು ದೊಡ್ಡದು. 'ಮೊಣಕಾಲ ಮಟ್ಟ' ಎಂಬ ಅಂದಾಜಿನ ದೋಷವಿರುವುದು ಇಲ್ಲಿಯೇ.

ಪ್ರಮಾಣ ಮತ್ತು ಹಾನಿ ಒಂದೇ ಅಲ್ಲ ಎಂಬುದನ್ನೂ ತಿಳಿದಿರಬೇಕು. 1993ರ ಸೆಪ್ಟೆಂಬರ್ 30ರ ಮುಂಜಾವಿನಲ್ಲಿ ನಮ್ಮ ಬೀದರ ಜಿಲ್ಲೆಗೆ ಹೊಂದಿಕೊಂಡ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದ ಪ್ರಮಾಣ 6.2. 2001ರ ಜನವರಿ 26ರ ಭುಜ್ ಭೂಕಂಪದ ಪ್ರಮಾಣ 7.7. ಶಕ್ತಿಯ ಲೆಕ್ಕದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ನೂರೈವತ್ತು ಪಟ್ಟಿಗೂ ದೊಡ್ಡದು. ಆದರೆ ಭುಜ್‌ನಲ್ಲಿ ಸತ್ತವರು ಸುಮಾರು 13,800 ಮಂದಿಯಾದರೆ ಕಿಲ್ಲಾರಿಯಲ್ಲಿ ಹತ್ತು ಸಾವಿರಕ್ಕೆ ಸಮೀಪ. ಕಿಲ್ಲಾರಿಯ ಸುತ್ತಲಿನ ಮನೆಗಳು ಮಣ್ಣಿನ ಗಾರೆಯಲ್ಲಿ ಕಟ್ಟಿದ ಭಾರವಾದ ಕಲ್ಲಿನ ಗೋಡೆಗಳವು. ನಸುಕಿನಲ್ಲಿ ಜನ ಒಳಗೆ ಮಲಗಿದ್ದರು. ಅತ್ತ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ಭೂಮಿ ಎಷ್ಟು ಅಲುಗಿತೆಂಬುದು ಪ್ರಕೃತಿಯ ಲೆಕ್ಕ, ಎಷ್ಟು ನಷ್ಟವಾಯಿತೆಂಬುದು ಬಹುಪಾಲು ಕಟ್ಟಿದವರ ಲೆಕ್ಕ.

ಕಿಲ್ಲಾರಿಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಆ ಪ್ರದೇಶ ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ಭಾರತೀಯ ಮಾನಕ ಬ್ಯೂರೋ ತನ್ನ ಸಂಹಿತೆಯನ್ನು ಪರಿಷ್ಕರಿಸಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಿತು. ಅಪಾಯ ಕಡಿಮೆ ಎಂಬುದನ್ನು ಅಪಾಯ ಇಲ್ಲ ಎಂದು ಓದಬಾರದು.

ಬರ: ಗೋಡೆ ಕೆಡವದ ವಿಕೋಪ

ಇದುವರೆಗೆ ಹೇಳಿದ ವಿಕೋಪಗಳು ಕಟ್ಟಡವನ್ನೂ ಸರಕನ್ನೂ ಹಾಳುಮಾಡುವಂಥವು. ಬರಗಾಲದ ಸ್ವಭಾವ ಬೇರೆ. ಅದು ಒಂದು ದಿನ ಬರುವುದಿಲ್ಲ. ಯಾವ ದಿನ ಆರಂಭವಾಯಿತೆಂದು ಹೇಳುವುದೂ ಕಷ್ಟ. ಅದರ ವ್ಯಾಪ್ತಿ ನೆರೆಗಿಂತ ಎಷ್ಟೋ ವಿಶಾಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವೂ ವಿಚಿತ್ರವಾದುದು: 2018ರಲ್ಲಿ ಕೊಡಗಿನಲ್ಲಿ ಅತಿವೃಷ್ಟಿಯಿಂದ ಗುಡ್ಡಗಳು ಕುಸಿಯುತ್ತಿದ್ದ ವರ್ಷವೇ ಉತ್ತರ ಒಳನಾಡಿನ ಅನೇಕ ತಾಲ್ಲೂಕುಗಳಲ್ಲಿ ಬರ ಘೋಷಣೆಯಾಯಿತು.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ನೆರೆ ದಾಸ್ತಾನಿನ ಖಾತೆಯನ್ನು ಹಾಳುಮಾಡುತ್ತದೆ, ಬರ ಉದ್ರಿ ಖಾತೆಯನ್ನು ಹಾಳುಮಾಡುತ್ತದೆ. ಗೊಬ್ಬರ, ಬೀಜ, ಪಂಪ್‌ಸೆಟ್, ಕೃಷಿ ಉಪಕರಣಗಳ ವರ್ತಕರು ರೈತರಿಗೆ ಕೊಟ್ಟ ಉದ್ರಿ ಬೆಳೆ ಬಾರದೆ ನಿಲ್ಲುತ್ತದೆ. ಸಾಮಾನ್ಯ ಅಗ್ನಿ ವಿಮಾ ಪಾಲಿಸಿ ದಾಸ್ತಾನಿಗೆ ರಕ್ಷಣೆ ಕೊಡುತ್ತದೆಯೇ ಹೊರತು ಬಾಕಿದಾರರಿಗಲ್ಲ. ಅಂಥ ವರ್ತಕರು ಒಂದೇ ತಾಲ್ಲೂಕಿನಲ್ಲಿ, ಒಂದೇ ಬೆಳೆಯನ್ನು ನಂಬಿದ ಗಿರಾಕಿಗಳಲ್ಲಿ ಎಷ್ಟು ಬಾಕಿ ಇದೆಯೆಂಬುದನ್ನು ಪ್ರತಿ ವರ್ಷ ಪ್ರತ್ಯೇಕವಾಗಿ ತೆಗೆದು ನೋಡಬೇಕು. ಒಳ್ಳೆಯ ಮಳೆಯ ವರ್ಷದ ಲಾಭದಲ್ಲಿ ಒಂದಂಶವನ್ನು ಸಂಶಯಾಸ್ಪದ ಸಾಲದ ನಿಧಿಗೆ ವರ್ಗಾಯಿಸುವುದು ಹಳೆಯ ಪದ್ಧತಿಯಾದರೂ ಇಂದಿಗೂ ಸರಿಯಾದ ಪದ್ಧತಿ.

ಮೂರನ್ನೂ ಕೂಡಿಸಿದಾಗ

ಈಗ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹಳ್ಳದ ಪಕ್ಕದ ಕೈಗಾರಿಕಾ ವಸಾಹತಿನಲ್ಲಿ ಒಂದು ಕಿರು ಘಟಕವಿದೆ. ದಾಸ್ತಾನು ಮತ್ತು ಯಂತ್ರೋಪಕರಣಗಳ ಮೌಲ್ಯ 40 ಲಕ್ಷ ರೂ. ಅದರಲ್ಲಿ ಸ್ವಂತ ಬಂಡವಾಳ 25 ಲಕ್ಷ, ಬ್ಯಾಂಕಿನ ಸಾಲ 15 ಲಕ್ಷ. ನೆರೆಯ ಸಂಭವ ಹೀಗಿದೆಯೆಂದು ಭಾವಿಸೋಣ:

- 10 ವರ್ಷಕ್ಕೊಮ್ಮೆ ಒಂದು ಅಡಿ ನೀರು. ನಷ್ಟ 2 ಲಕ್ಷ. ವಾರ್ಷಿಕ ಸರಾಸರಿ 20,000 ರೂ.
- 50 ವರ್ಷಕ್ಕೊಮ್ಮೆ ಮೂರು ಅಡಿ ನೀರು; ನಷ್ಟ 15 ಲಕ್ಷ; ವಾರ್ಷಿಕ ಸರಾಸರಿ 30,000 ರೂ.
- 200 ವರ್ಷಕ್ಕೊಮ್ಮೆ ಆರು ಅಡಿ ನೀರು; ನಷ್ಟ 36 ಲಕ್ಷ; ವಾರ್ಷಿಕ ಸರಾಸರಿ 18,000 ರೂ.

ಒಟ್ಟು ಸರಾಸರಿ ವರ್ಷಕ್ಕೆ 68,000 ರೂ.; ತಿಂಗಳಿಗೆ ಆರು ಸಾವಿರಕ್ಕಿಂತ ಕಡಿಮೆ. ಬಾಡಿಗೆಯಂತೆ, ಸವಕಳಿಯಂತೆ ಇದೂ ಒಂದು ಖರ್ಚು. ಬಿಲ್ಲು ಮಾತ್ರ ಪ್ರತಿ ತಿಂಗಳು ಬರುವುದಿಲ್ಲ. ಸ್ಥಳದ ಬೆಲೆ ಅಗ್ಗವೆಂದು ಹಳ್ಳದ ಪಕ್ಕ ನಿವೇಶನ ಕೊಂಡವರು ಈ ಖರ್ಚನ್ನು ಸೇರಿಸಿ ನೋಡಿದರೆ ಅಗ್ಗವೋ ದುಬಾರಿಯೋ ತಿಳಿಯುತ್ತದೆ.

ಆದರೆ ಸರಾಸರಿಯಲ್ಲಿ ಒಂದು ಸತ್ಯ ಮರೆಯಾಗುತ್ತದೆ. ಮೊದಲನೆಯ ಸಾಲಿನ 2 ಲಕ್ಷವನ್ನು ಘಟಕ ತಡೆದುಕೊಳ್ಳಬಲ್ಲದು. ಎರಡನೆಯದು ಬಂದರೆ ಸ್ವಂತ ಬಂಡವಾಳದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಮೂರನೆಯದು ಬಂದರೆ ಬಂಡವಾಳವೆಲ್ಲ ಹೋಗಿ ಬ್ಯಾಂಕಿನ ಸಾಲ ಉಳಿಯುತ್ತದೆ. ಆ ಸಾಲಕ್ಕೆ ಅಡವಿಟ್ಟ ಮನೆಯೂ ಅಪಾಯಕ್ಕೆ ಸಿಲುಕುತ್ತದೆ. ವಾರ್ಷಿಕ ಸರಾಸರಿಯಲ್ಲಿ ಅತಿ ಚಿಕ್ಕದಾಗಿ ಕಾಣುವ ಮೂರನೆಯ ಸಾಲೇ ಉದ್ದಿಮೆಯನ್ನು ಮುಚ್ಚಿಸುವ ಸಾಲು.

ಆದುದರಿಂದ ಮೂರಕ್ಕೂ ಒಂದೇ ಔಷಧವಲ್ಲ. ಪದೇ ಪದೇ ಬರುವ ಸಣ್ಣ ನಷ್ಟಕ್ಕೆ ಕಟ್ಟೆ ಎತ್ತರಿಸುವುದು, ಸರಕನ್ನು ಹಲಗೆಗಳ ಮೇಲೆ ಇಡುವುದು, ಮೋಟಾರು ಮತ್ತು ವಿದ್ಯುತ್ ಫಲಕಗಳನ್ನು ಮೇಲಕ್ಕೇರಿಸುವುದು ಮದ್ದು. ಒಂದೂವರೆ ಲಕ್ಷ ಖರ್ಚಿನಲ್ಲಿ ನೆಲವನ್ನು ಎರಡು ಅಡಿ ಎತ್ತರಿಸಬಹುದಾದರೆ ಮೊದಲನೆಯ ಸಾಲಿನ 20,000 ರೂ. ಉಳಿತಾಯದಿಂದಲೇ ಏಳೂವರೆ ವರ್ಷದಲ್ಲಿ ಅದು ಮರಳುತ್ತದೆ. ಎರಡನೆಯ ಸಾಲಿನ ನಷ್ಟವೂ ತಗ್ಗುತ್ತದೆ. ಅಪರೂಪದ ದೊಡ್ಡ ನಷ್ಟಕ್ಕೆ ವಿಮೆಯೇ ಮದ್ದು. ಸಣ್ಣ ನಷ್ಟಕ್ಕೆ ವಿಮೆಯನ್ನು ನಂಬಿ ದೊಡ್ಡ ನಷ್ಟಕ್ಕೆ ದೇವರನ್ನು ನಂಬುವುದು ಲೆಕ್ಕಕ್ಕೆ ವಿರುದ್ಧವಾದ ಕ್ರಮ.

ವಿಮಾ ಪಾಲಿಸಿಯನ್ನು ಓದುವ ಕ್ರಮ

ವಿಮೆಯಲ್ಲಿಯೂ ಇದೇ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದಾಗಿ, ಎಲ್ಲಿ? ಪಾಲಿಸಿಯಲ್ಲಿ ನಮೂದಿಸಿದ ವಿಳಾಸದಲ್ಲಿರುವ ಸರಕಿಗಷ್ಟೇ ರಕ್ಷಣೆ. ಹಂಗಾಮಿನಲ್ಲಿ ಬಾಡಿಗೆಗೆ ಹಿಡಿದ ಎರಡನೆಯ ಗೋದಾಮು ಪಾಲಿಸಿಯಲ್ಲಿಲ್ಲದಿದ್ದರೆ ಅಲ್ಲಿನ ನಷ್ಟ ನಿಮ್ಮದೇ. ಹಲವು ಕಡೆ ಸರಕು ಓಡಾಡುವವರು ಫ್ಲೋಟರ್ ಪಾಲಿಸಿಯನ್ನು ವಿಚಾರಿಸಬೇಕು.

ಎರಡನೆಯದಾಗಿ, ಯಾವ ಯಾವ ವಿಕೋಪಕ್ಕೆ? ಹಿಂದಿನ ಸ್ಟ್ಯಾಂಡರ್ಡ್ ಅಗ್ನಿ ಪಾಲಿಸಿಯಲ್ಲಿ ಭೂಕಂಪಕ್ಕೆ ಪ್ರತ್ಯೇಕ ಕಂತು ಕಟ್ಟಬೇಕಾಗಿತ್ತು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಜಾರಿಗೆ ತಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿ ಒಂದು ಸ್ಥಳದಲ್ಲಿ 5 ಕೋಟಿ ರೂ. ಮೌಲ್ಯದವರೆಗಿನ ಉದ್ದಿಮೆಗಳಿಗೆ ಉದ್ದೇಶಿತವಾದುದು; 5ರಿಂದ 50 ಕೋಟಿಯವರೆಗೆ ಭಾರತ್ ಲಘು ಉದ್ಯಮ್ ಸುರಕ್ಷಾ. ಇವುಗಳಲ್ಲಿ ನೆರೆ, ಬಿರುಗಾಳಿ, ಭೂಕುಸಿತಗಳೊಂದಿಗೆ ಭೂಕಂಪವೂ ಸೇರಿದೆ. ನಿಮ್ಮ ಕೈಯಲ್ಲಿರುವ ಪಾಲಿಸಿ ಯಾವುದು, ಅದರಲ್ಲಿ ಏನೇನಿದೆ ಎಂಬುದನ್ನು ನವೀಕರಣದ ಮುನ್ನ ಓದಲೇಬೇಕು.

ಮೂರನೆಯದಾಗಿ, ಎಷ್ಟು ಮೊತ್ತಕ್ಕೆ? ಇಲ್ಲಿಯೇ ಅತಿ ಹೆಚ್ಚು ಜನ ಸೋಲುವುದು. ಕಂತು ಉಳಿಸಲೆಂದು 40 ಲಕ್ಷದ ದಾಸ್ತಾನಿಗೆ 20 ಲಕ್ಷದ ವಿಮೆ ಮಾಡಿಸಿದವರು, 10 ಲಕ್ಷ ನಷ್ಟವಾದಾಗ 10 ಲಕ್ಷವೂ ಬರುವುದೆಂದು ಭಾವಿಸುತ್ತಾರೆ. ಸರಾಸರಿ ನಿಯಮದಂತೆ ಅವರಿಗೆ ಬರುವುದು 5 ಲಕ್ಷ ಮಾತ್ರ, ಅದರಲ್ಲೂ ಪಾಲಿಸಿಯಲ್ಲಿ ಹೇಳಿದ ಕಡಿತ ಕಳೆದು. ಮೇಲೆ ಹೇಳಿದ ಎರಡು ಹೊಸ ಪಾಲಿಸಿಗಳಲ್ಲಿ ವಿಮೆಯ ಕೊರತೆ ಶೇ. 15ರೊಳಗಿದ್ದರೆ ಅದನ್ನು ಮನ್ನಿಸಲಾಗುತ್ತದೆ. ಅರ್ಧಕ್ಕರ್ಧ ಕೊರತೆಗೆ ಆ ರಿಯಾಯಿತಿ ಇಲ್ಲ. ವಿಮಾ ಮೊತ್ತವನ್ನು ಮಾರ್ಚ್ 31ರ ದಾಸ್ತಾನಿಗೆ ಸರಿಯಾಗಿ ನಿಗದಿ ಮಾಡದೆ, ವರ್ಷದಲ್ಲಿ ಅತಿ ಹೆಚ್ಚು ದಾಸ್ತಾನಿರುವ ತಿಂಗಳಿಗೆ ಸರಿಯಾಗಿ ನಿಗದಿ ಮಾಡಬೇಕು.

ತೆರಿಗೆಯ ಒಂದು ಅಂಶವನ್ನೂ ಇಲ್ಲಿ ಹೇಳಬೇಕು. ಕೇಂದ್ರ ಜಿಎಸ್‌ಟಿ ಕಾಯಿದೆ, 2017ರ 17(5)(ಎಚ್) ಕಲಮಿನಂತೆ ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಶೇ. 18 ತೆರಿಗೆಯ 10 ಲಕ್ಷದ ಸರಕು ನೀರುಪಾಲಾದರೆ 1.80 ಲಕ್ಷದ ಜಮೆಯೂ ಹೋದಂತೆ. ವಿಮಾ ಮೊತ್ತ ನಿಗದಿಪಡಿಸುವಾಗಲೂ ಪರಿಹಾರ ಕೇಳುವಾಗಲೂ ಇದನ್ನು ಸೇರಿಸುವ ಬಗ್ಗೆ ಕಂಪನಿಯೊಂದಿಗೆ ಮೊದಲೇ ಲಿಖಿತವಾಗಿ ಮಾತನಾಡಿಕೊಳ್ಳುವುದು ಕ್ಷೇಮ. ಅಂತೆಯೇ ದಾಸ್ತಾನಿನ ರಿಜಿಸ್ಟರು, ಖರೀದಿ ಬಿಲ್ಲುಗಳು ಸರಕಿನೊಂದಿಗೇ ಮುಳುಗಿದರೆ ಸರ್ವೇಯರ ಮುಂದೆ ನಷ್ಟ ಸಾಬೀತುಪಡಿಸುವುದು ಕಷ್ಟ. ಲೆಕ್ಕದ ಒಂದು ಪ್ರತಿ ಬೇರೊಂದು ಊರಿನಲ್ಲಿ ಅಥವಾ ಗಣಕದ ದೂರದ ಸಂಗ್ರಹದಲ್ಲಿ ಇರಲೇಬೇಕು.

ಸದಸ್ಯರು ಮಾಡಬಹುದಾದದ್ದು

ಪ್ರತಿ ಸದಸ್ಯರೂ ತಮ್ಮ ಉದ್ದಿಮೆಗೆ ಒಂದು ಪುಟದ 'ವಿಕೋಪ ಖಾತೆ' ತೆರೆಯಬೇಕೆಂದು ನನ್ನ ಸೂಚನೆ. ಎಡಗಡೆ ವಿಕೋಪಗಳ ಹೆಸರು: ನೆರೆ, ಬಿರುಗಾಳಿ, ಭೂಕಂಪ, ಭೂಕುಸಿತ, ಬರ. ಮುಂದೆ ಮೂರು ಕಲಮು: ಎಲ್ಲಿ, ಎಷ್ಟು ಸಲ, ಎಷ್ಟು ದೊಡ್ಡದು. ಕೊನೆಗೆ ಎರಡು ಕಲಮು: ಆಗಬಹುದಾದ ನಷ್ಟವೆಷ್ಟು, ಅದಕ್ಕೆ ಇರುವ ರಕ್ಷಣೆಯೆಷ್ಟು. ಈ ಎರಡರ ನಡುವಿನ ವ್ಯತ್ಯಾಸವೇ ನೀವು ಅರಿಯದೆ ಹೊತ್ತಿರುವ ಅಪಾಯ.

ಕಲಮು ತುಂಬಲು ಬೇಕಾದ ಮಾಹಿತಿ ದುರ್ಲಭವಲ್ಲ. ಮಳೆಯ ಅಂಕಿಗಳು ಭಾರತೀಯ ಹವಾಮಾನ ಇಲಾಖೆಯಲ್ಲಿಯೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿಯೂ ದೊರೆಯುತ್ತವೆ. ನದಿಯ ಮಟ್ಟ ಮತ್ತು ನೆರೆ ಮುನ್ಸೂಚನೆಯನ್ನು ಕೇಂದ್ರ ಜಲ ಆಯೋಗ ಕೊಡುತ್ತದೆ. ಭೂಕಂಪ, ಗಾಳಿ, ನೆರೆಗಳ ಜಿಲ್ಲಾವಾರು ನಕ್ಷೆಗಳು ಕೇಂದ್ರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿ ಪ್ರಕಟಿಸಿದ ದುರ್ಬಲತಾ ನಕ್ಷಾಸಂಪುಟದಲ್ಲಿವೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಯೋಜನೆ ಇರಬೇಕು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅದನ್ನು ಕೇಳಬಹುದು. ಇವೆಲ್ಲಕ್ಕಿಂತ ಹತ್ತಿರದ ದಾಖಲೆ ನಿಮ್ಮ ಬೀದಿಯ ಹಿರಿಯರು ಮತ್ತು ಹಳೆಯ ಗೋಡೆಯ ಮೇಲಿನ ನೀರಿನ ಗುರುತು. ಆದರೆ ಅದು ಕಂಡ ನೆರೆಯ ಗುರುತು ಮಾತ್ರ, ಮುಂದೆ ಬರಬಹುದಾದದ್ದರದ್ದಲ್ಲ.

ಒಬ್ಬೊಬ್ಬರೇ ಮಾಡಲಾಗದ ಕೆಲಸವನ್ನು ವಾಣಿಜ್ಯ ಸಂಸ್ಥೆ ಮಾಡಬಹುದು. ಕೈಗಾರಿಕಾ ವಸಾಹತು ಮತ್ತು ಮಾರುಕಟ್ಟೆ ಪ್ರಾಂಗಣಗಳ ಯಾವ ಬೀದಿಯಲ್ಲಿ ಯಾವ ವರ್ಷ ಎಷ್ಟು ಅಡಿ ನೀರು ನಿಂತಿತ್ತು ಎಂಬುದನ್ನು ಸದಸ್ಯರಿಂದ ಸಂಗ್ರಹಿಸಿ ನಕ್ಷೆ ಮಾಡಿಸಬಹುದು. ಅಂಥ ನಕ್ಷೆ ಕೈಯಲ್ಲಿದ್ದರೆ ಚರಂಡಿ ಅಗಲಿಸಬೇಕೆಂದು ನಗರಸಭೆಯನ್ನು ಕೇಳುವಾಗ ಅಹವಾಲಿಗೆ ಆಧಾರವಿರುತ್ತದೆ. ಒಟ್ಟಾಗಿ ವಿಮೆ ಮಾಡಿಸುವಾಗ ಕಂಪನಿಯೊಂದಿಗೆ ಕಂತಿನ ದರ ಚರ್ಚಿಸಲೂ ಆಧಾರವಿರುತ್ತದೆ. ಎತ್ತರದ ಜಾಗದಲ್ಲಿ ಗೋದಾಮು ಇರುವ ಸದಸ್ಯರು ನೆರೆಯ ಮುನ್ಸೂಚನೆ ಬಂದಾಗ ತಗ್ಗಿನ ಸದಸ್ಯರ ಸರಕಿಗೆ ಸ್ಥಳ ಕೊಡುವ ಒಪ್ಪಂದವನ್ನೂ ಮೊದಲೇ ಮಾಡಿಕೊಳ್ಳಬಹುದು. ಮುನ್ಸೂಚನೆಗೂ ನೀರಿಗೂ ನಡುವೆ ಇರುವ ಸಮಯ ಕೆಲವೊಮ್ಮೆ ಒಂದು ದಿನ ಮಾತ್ರ; ಆ ದಿನ ಜಾಗ ಹುಡುಕುತ್ತ ಕೂರಲಾಗದು.

ವಿಕೋಪ ಖಾತೆಯನ್ನು ತೆರೆಯಲು ಯೋಗ್ಯ ಕಾಲ ಏಪ್ರಿಲ್ ತಿಂಗಳು. ದಾಸ್ತಾನಿನ ಲೆಕ್ಕ ಆಗಷ್ಟೇ ಮುಗಿದು ಅಂಕಿಗಳು ಕೈಯಲ್ಲಿರುತ್ತವೆ, ಮುಂಗಾರಿಗೆ ಇನ್ನೂ ಎರಡು ತಿಂಗಳಿರುತ್ತದೆ, ಅನೇಕರ ಪಾಲಿಸಿ ನವೀಕರಣವೂ ಅದೇ ಸಮಯಕ್ಕೆ ಬರುತ್ತದೆ. ವರ್ಷಕ್ಕೆ ಒಂದು ಸಂಜೆಯ ಕೆಲಸವದು. ಆಢಾವೆ ಪತ್ರಿಕೆಗೆ ಸಹಿ ಮಾಡುವ ದಿನವೇ ಈ ಒಂದು ಪುಟವನ್ನೂ ಪರಿಶೀಲಿಸಿ ಸಹಿ ಮಾಡುವ ರೂಢಿಯನ್ನು ಸದಸ್ಯ ಬಾಂಧವರು ಇಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ.